ಓಡೋ ಮುಧೋಳ ನಾಯಿಯ ಫೋಟೊ: ಹೊಲ ಸ್ಪಷ್ಟ, ನಾಯಿ ಮಸುಕು

ಬಯಲುದಾರಿ ಕೇಳಿದ್ದು:

ಎರಡು ವರ್ಷದ ಮುಧೋಳ ಗಂಡುನಾಯಿ, ಮೈಯೆಲ್ಲ ಬಿಳಿ, ಕಿವಿ ಮಾತ್ರ ಕಂದು. ಕ್ಯಾಮೆರಾ ಕ್ಯಾನನ್ 1500ಡಿ, ಅದರ ಜೊತೆ ಬಂದ 18-55 ಮತ್ತು 55-250 ಲೆನ್ಸ್. ಸ್ಪೋರ್ಟ್ಸ್ ಮೋಡ್‌ನಲ್ಲಿ ಇಟ್ಟು ಬಟನ್ ಒತ್ತಿ ಹಿಡಿದರೆ ಹಿಂದಿನ ಜೋಳದ ಹೊಲ ಸ್ಪಷ್ಟವಾಗಿ ಬರುತ್ತೆ, ನಾಯಿ ಮಸುಕು. ಕೆಲವದರಲ್ಲಿ ಮೂಗು ಚೆನ್ನಾಗಿದೆ, ಕಣ್ಣು ಮಂಜು. ಮೈ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಪಕ್ಕೆಲುಬಿನ ಗೆರೆ ಕಾಣಲ್ಲ. ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿರೋ ಒಂದು ಫೋಟೊ ಬೇಕು. ಹೊಸ ಕ್ಯಾಮೆರಾ ಇಲ್ಲದೆ ಆಗುತ್ತಾ? ಮೊಬೈಲ್‌ನಲ್ಲಿ ಪ್ರಯತ್ನ ಮಾಡೋದು ವ್ಯರ್ಥನಾ?

ಮಸೂರ ಬರೆದದ್ದು:

ಇದೇ ಕ್ಯಾಮೆರಾದಲ್ಲಿ ಆಗುತ್ತೆ ಸರ್. ಮೊದಲು ಯಾವ ಮಸುಕು ಅಂತ ಗುರುತಿಸಿ. ಫೋಟೊವನ್ನು ದೊಡ್ಡದು ಮಾಡಿ ನೋಡಿದಾಗ ನಾಯಿಯ ಅಂಚು ಓಡುವ ದಿಕ್ಕಿಗೆ ಎಳೆದ ಹಾಗಿದ್ದರೆ ಶಟರ್ ವೇಗ ಸಾಲಲಿಲ್ಲ ಅಂತ. ಅಂಚು ಎಲ್ಲ ಕಡೆಯೂ ಒಂದೇ ಸಮ ಮೆತ್ತಗಿದ್ದು ಹಿಂದಿನ ಜೋಳದ ಗರಿ ಎಣಿಸುವ ಹಾಗಿದ್ದರೆ ಫೋಕಸ್ ಹಿಂದಕ್ಕೆ ಹೋಗಿದೆ. ನೀವು ಹೇಳೋದು ಎರಡನೆಯದು.

ಸ್ಪೋರ್ಟ್ಸ್ ಮೋಡ್ ಬಿಡಿ. ಅದರಲ್ಲಿ ಶಟರ್ ವೇಗವೂ ಫೋಕಸ್ ಬಿಂದುವೂ ನಿಮ್ಮ ಕೈಲಿರಲ್ಲ. ಡಯಲ್ ಅನ್ನು ಟಿವಿಗೆ (Tv, ಶಟರ್ ವೇಗವನ್ನು ನಾವೇ ಇಡುವ ಮೋಡ್) ತಿರುಗಿಸಿ, 1/1600 ಸೆಕೆಂಡು ಇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ. ನಾಯಿ ಗಂಟೆಗೆ 40 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ 11 ಮೀಟರ್. 1/500 ಇಟ್ಟರೆ ಶಟರ್ ತೆರೆದಿರುವಷ್ಟರಲ್ಲಿ ಮೈ 2 ಸೆಂ.ಮೀ.ಗಿಂತ ಹೆಚ್ಚು ಸರಿದಿರುತ್ತೆ. 1/2000ಕ್ಕೆ ಅರ್ಧ ಸೆಂ.ಮೀ. ಮುಂದಕ್ಕೆ ಬೀಸುವ ಕಾಲಂತೂ ಮೈಗಿಂತ ವೇಗವಾಗಿ ಹೋಗುತ್ತೆ, ಹಾಗಾಗಿ ಮುಖ ಸ್ಪಷ್ಟವಾಗಿದ್ದೂ ಪಾದ ಮಸುಕಾಗೋದುಂಟು. ಪಾದವೂ ನಿಲ್ಲಬೇಕು ಅಂದರೆ 1/2000.

ಎಎಫ್ (ಆಟೊಫೋಕಸ್) ಮೋಡ್ ಎಐ ಸರ್ವೊ, ಅಂದರೆ ಓಡುವುದನ್ನು ಹಿಂಬಾಲಿಸಿ ಫೋಕಸ್ ಬದಲಿಸುತ್ತಲೇ ಇರೋದು. ಒಂಬತ್ತು ಬಿಂದುಗಳಲ್ಲಿ ನಡುವಿನದೊಂದನ್ನೇ ಆರಿಸಿ. ಅದೊಂದೇ ಕ್ರಾಸ್ ಬಿಂದು, ಅಡ್ಡ ಗೆರೆ ಉದ್ದ ಗೆರೆ ಎರಡನ್ನೂ ಹಿಡಿಯುತ್ತೆ. ಉಳಿದ ಎಂಟನ್ನೂ ಚಾಲೂ ಇಟ್ಟರೆ ಕ್ಯಾಮೆರಾ ಹೊಲವನ್ನೇ ಹಿಡಿಯೋ ಸಂಭವ ಹೆಚ್ಚು. ಪರದೆ ನೋಡಿಕೊಂಡು ತೆಗೆಯಬೇಡಿ, ಲೈವ್ ವ್ಯೂನಲ್ಲಿ ಈ ಕ್ಯಾಮೆರಾ ಫೋಕಸ್ ತುಂಬಾ ನಿಧಾನ. ವ್ಯೂಫೈಂಡರ್‌ಗೆ ಕಣ್ಣಿಟ್ಟೇ ತೆಗೆಯಬೇಕು.

ಇನ್ನೊಂದು, ಬಿಳಿ ನಾಯಿಗಳಿಗೆ ಬರುವ ತೊಂದರೆ: ಆಟೊಫೋಕಸ್‌ಗೆ ಹಿಡಿಯಲು ಗೆರೆ ಬೇಕು. ನುಣುಪಾದ ಬಿಳಿ ಎದೆಯ ಮೇಲೆ ಅದಕ್ಕೇನೂ ಸಿಗಲ್ಲ, ಲೆನ್ಸ್ ಹಿಂದೆ ಮುಂದೆ ತಡಕಾಡುತ್ತೆ. ಕಪ್ಪು ಅಥವಾ ಪಟ್ಟೆ ಇರುವ ಅಗಲವಾದ ಕೊರಳಪಟ್ಟಿ ಹಾಕಿ, ನಡುವಿನ ಬಿಂದುವನ್ನು ಅದರ ಮೇಲೇ ಇಡಿ. ಎರಡು ನಿಮಿಷದ ಕೆಲಸ, ಆದರೆ ಸರಿಯಾಗಿ ಬರುವ ಫೋಟೊಗಳ ಸಂಖ್ಯೆಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಆಗುತ್ತೆ.

ಗೋಧೂಳಿ ಬರೆದದ್ದು:

ಸೆಟ್ಟಿಂಗ್ ಅಷ್ಟೇ ಮುಖ್ಯವಾದದ್ದು ನಾಯಿ ಓಡುವ ದಾರಿ. ಈ ಕ್ಯಾಮೆರಾ ಸೆಕೆಂಡಿಗೆ 3 ಫೋಟೊ ತೆಗೆಯುತ್ತೆ. ಎರಡು ಫೋಟೊಗಳ ನಡುವೆ ನಾಯಿ ಮೂರೂವರೆ ಮೀಟರಿಗೂ ಮುಂದೆ ಹೋಗಿರುತ್ತೆ, ಹೆಚ್ಚುಕಡಿಮೆ ಒಂದಿಡೀ ನೆಗೆತ. ಬಟನ್ ಒತ್ತಿ ಹಿಡಿದುಕೊಂಡರೆ ನಿಮಗೆ ಬೇಕಾದ ಕ್ಷಣ ಸಿಗೋದು ಅದೃಷ್ಟ. ಜೊತೆಗೆ 55-250ರ ಮೋಟಾರು ನಿಧಾನ. ಹಾಗಾಗಿ ನಾಯಿಯ ಹಿಂದೆ ಕ್ಯಾಮೆರಾ ಓಡಿಸಬೇಡಿ, ನಾಯಿ ಎಲ್ಲಿ ಹಾಯಬೇಕು ಅಂತ ನೀವೇ ಮೊದಲು ಗೊತ್ತು ಮಾಡಿ.

ಇಬ್ಬರು ಸಹಾಯಕ್ಕೆ ಬೇಕು. ಒಬ್ಬರು ನಾಯಿ ಹಿಡಿದು ನಿಲ್ಲಲಿ, ಇನ್ನೊಬ್ಬರು ಐವತ್ತು ಅರವತ್ತು ಮೀಟರ್ ಆಚೆ ನಿಂತು ಹೆಸರು ಹಿಡಿದು ಕೂಗಲಿ. ಆ ದಾರಿಯ ಮಧ್ಯಕ್ಕೆ, ಪಕ್ಕದಿಂದ 15 ಮೀಟರ್ ದೂರದಲ್ಲಿ ನೀವು. ದಾರಿಯ ಮೇಲೆ ನಿಮ್ಮ ಎದುರಿಗೆ ಒಂದು ಚಪ್ಪಲಿ ಇಡಿ. 55-250 ಲೆನ್ಸ್‌ನ ಜೂಮ್ ಅನ್ನು 135ಕ್ಕೆ ಹಿಂದೆ ತನ್ನಿ. 15 ಮೀಟರ್ ದೂರಕ್ಕೆ 250 ಇಟ್ಟರೆ ಚೌಕಟ್ಟಿನಲ್ಲಿ ಹಿಡಿಸೋದು 1.3 ಮೀಟರ್ ಅಗಲ ಮಾತ್ರ. ಕಾಲು ಚಾಚಿದ ಮುಧೋಳ ಅದರಲ್ಲಿ ಹಿಡಿಸಲ್ಲ, ಮೂಗೋ ಬಾಲವೋ ಕತ್ತರಿಸಿ ಹೋಗುತ್ತೆ. 135ಕ್ಕೆ ಎರಡೂವರೆ ಮೀಟರ್ ಸಿಗುತ್ತೆ. ಚಪ್ಪಲಿಗೆ ಫೋಕಸ್ ಮಾಡಿ, ಲೆನ್ಸ್ ಪಕ್ಕದ ಗುಂಡಿಯನ್ನು ಕೈಯಿಂದ ಫೋಕಸ್ ಮಾಡುವ ಎಂಎಫ್‌ಗೆ ತಳ್ಳಿ, ಚಪ್ಪಲಿ ತೆಗೆದುಬಿಡಿ. ಆಮೇಲೆ ಜೂಮ್ ಮುಟ್ಟಬಾರದು. 15 ಮೀಟರ್‌ನಲ್ಲಿ 135, ಎಫ್/5.6 (ಲೆನ್ಸ್ ತೆರಪಿನ ಅಳತೆ, ಅಂಕಿ ಏರಿದಷ್ಟೂ ಬೆಳಕು ಕಡಿಮೆ) ಅಂದರೆ ಸುಮಾರು ಎರಡೂವರೆ ಮೀಟರ್ ಆಳ ಸ್ಪಷ್ಟವಾಗಿರುತ್ತೆ. ನಾಯಿ ಆ ಕಡೆ ಈ ಕಡೆ ಒಂದು ಮೀಟರ್ ಸರಿದು ಓಡಿದರೂ ಕೆಡಲ್ಲ.

ಈಗ ಗಳಿಗೆ ಹಿಡಿಯೋದು. ಬೇಟೆನಾಯಿಗಳ ಓಟದಲ್ಲಿ ಒಂದು ನೆಗೆತಕ್ಕೆ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಒಮ್ಮೆ ಮೈ ಪೂರ್ತಿ ಚಾಚಿ ಬಿಲ್ಲು ಬಿಟ್ಟ ಬಾಣದ ಹಾಗೆ, ಇನ್ನೊಮ್ಮೆ ಬೆನ್ನು ಬಾಗಿ ನಾಲ್ಕೂ ಪಾದ ಹೊಟ್ಟೆಯ ಕೆಳಗೆ ಒಂದರ ಹಿಂದೊಂದು ಸೇರಿಕೊಂಡು. ನಿಮಗೆ ಬೇಕಾದದ್ದು ಮೊದಲನೆಯದು, ಅದು ಬರೋದು ಹಿಂಗಾಲು ನೆಲ ಒದ್ದ ತಕ್ಷಣ. ಎರಡನೆಯದನ್ನೂ ಅಳಿಸಬೇಡಿ, ಬೆನ್ನಿನ ಸ್ನಾಯು ಅಷ್ಟು ಚೆಂದ ಕಾಣೋದು ಅದರಲ್ಲೇ. ಎಲ್ಲಕ್ಕಿಂತ ಕಳಪೆ ಅಂದರೆ ಒಂದು ಮುಂಗಾಲು ಊರಿ ಮೈಭಾರ ಅದರ ಮೇಲಿರುವ ಗಳಿಗೆ, ನಾಯಿ ಕುಂಟಿದ ಹಾಗೆ ಕಾಣುತ್ತೆ.

ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಕಳೆಯುತ್ತೆ, ಅಷ್ಟರಲ್ಲಿ ನಾಯಿ ಎರಡು ಮೀಟರ್ ದಾಟಿರುತ್ತೆ. ಅದಕ್ಕೇ ಚಪ್ಪಲಿ ಇದ್ದ ಜಾಗಕ್ಕಿಂತ ಎರಡು ಮೀಟರ್ ಮೊದಲೇ ಒತ್ತಬೇಕು. ಓಟದ ತಾಳ ಕಿವಿಗೆ ಕೂತ ಮೇಲೆ ಇದು ಸಲೀಸು. ಮೊದಲ ಎರಡು ಓಟ ಕ್ಯಾಮೆರಾ ಕೆಳಗಿಟ್ಟು ಬರೀ ಕೇಳಿ.

ಮತ್ತೆ, ನಿಂತು ತೆಗೆಯಬೇಡಿ. ಲೆನ್ಸ್ ನಾಯಿಯ ಎದೆಯ ಮಟ್ಟಕ್ಕೆ ಇರಬೇಕು. ಇಲ್ಲದಿದ್ದರೆ ಕಾಲ ಕೆಳಗಿನ ಗಾಳಿ ಕಾಣಲ್ಲ, ನಾಯಿ ನೆಲಕ್ಕೆ ಅಂಟಿದ ಹಾಗಿರುತ್ತೆ. ಗೋಣಿಚೀಲ ಹಾಸಿ ಮಲಗಿಬಿಡಿ.

ಬಯಲುದಾರಿ ಬರೆದದ್ದು:

ಪಕ್ಕದಿಂದ ಓಡಿಸೋದು ತಲೆಗೇ ಹೊಳೆದಿರಲಿಲ್ಲ. ಎದುರಿನಿಂದ ನನ್ನ ಕಡೆ ಬರೋದು ಆಗೋದೇ ಇಲ್ವಾ? ಬಿಳಿ ಮೈಗೆ ಎಕ್ಸ್‌ಪೋಶರ್ ಪ್ಲಸ್ ಮಾಡಬೇಕು (ಬೆಳಕು ಹೆಚ್ಚಿಸಬೇಕು) ಅಂತ ಓದಿದ್ದೆ, ಮಾಡಿದರೆ ಇನ್ನೂ ಕೆಟ್ಟಿತು.

ಮಸೂರ ಬರೆದದ್ದು:

ಎದುರಿನಿಂದಲೂ ಆಗುತ್ತೆ, ದೂರ ಇರುವಾಗ ಮಾತ್ರ. ನಾಯಿ 25 ಮೀಟರ್ ದೂರದಲ್ಲಿ ನಿಂತಿರುವಾಗಲೇ ಬಟನ್ ಅರ್ಧ ಒತ್ತಿ ಫೋಕಸ್ ಹಿಡಿದುಕೊಳ್ಳಿ, ಆಮೇಲೆ ನಾಯಿಯನ್ನು ಬಿಡಿಸಿ. ಒಂದು ಸೆಕೆಂಡು ಹಿಂಬಾಲಿಸಿ 20ರಿಂದ 10 ಮೀಟರ್ ಒಳಗೆ ತೆಗೆದು ಮುಗಿಸಿ. 10 ಮೀಟರ್‌ನಲ್ಲಿ 250, ಎಫ್/5.6ಕ್ಕೆ ಸುಮಾರು 34 ಸೆಂ.ಮೀ. ಆಳ ಸ್ಪಷ್ಟ, ಮುಧೋಳದ ಉದ್ದ ಮೂತಿಯೂ ಕಣ್ಣೂ ಅದರೊಳಗೆ ಬರುತ್ತವೆ. 5 ಮೀಟರಿಗೆ ಬಂದಾಗ ಅದು ಎಂಟೊಂಬತ್ತು ಸೆಂ.ಮೀ.ಗೆ ಇಳಿಯುತ್ತೆ. ನಿಮ್ಮ ಫೋಟೊಗಳಲ್ಲಿ ಮೂಗು ಸರಿ, ಕಣ್ಣು ಮಂಜು ಆಗಿದ್ದು ಇದರಿಂದಲೇ. ಹತ್ತಿರ ಬಂದಷ್ಟೂ ಲೆನ್ಸ್ ತಿರುಗಬೇಕಾದ ವೇಗವೂ ಏರುತ್ತೆ, ಈ ಮೋಟಾರು ಅದಕ್ಕೆ ಸಾಲಲ್ಲ.

ಬಿಳಿಗೆ ಪ್ಲಸ್ ಅನ್ನೋದು ನಾಯಿ ಚೌಕಟ್ಟು ತುಂಬಿದ್ದಾಗಿನ ಮಾತು. ಆಗ ಕ್ಯಾಮೆರಾ ಬಿಳಿಯನ್ನು ಬೂದು ಮಾಡಲು ಹೋಗುತ್ತೆ, ಪ್ಲಸ್ ಬೇಕು. ನಿಮ್ಮದರಲ್ಲಿ ನಾಯಿ ಸಣ್ಣದು, ಸುತ್ತ ಗಾಢ ಹಸಿರು. ಕ್ಯಾಮೆರಾ ಹಸಿರಿಗೆ ಬೆಳಕು ಹೊಂದಿಸಿ ನಾಯಿಯನ್ನು ಸುಡುತ್ತೆ. ಇಲ್ಲಿ ಮೈನಸ್ 2/3ರಿಂದ 1. ಇನ್ನೂ ಒಳ್ಳೇದು ಎಂ ಮೋಡ್ (ಎಲ್ಲವನ್ನೂ ನಾವೇ ಇಡೋದು): ನೆತ್ತಿಯ ಬಿಸಿಲಿಗೆ 1/1600, ಎಫ್/5.6, ಐಎಸ್ಒ 200ರಿಂದ ಶುರು ಮಾಡಿ. ಬಿಳಿ ಮೈ ಆದ್ದರಿಂದ ಎಫ್/6.3ರವರೆಗೂ ಬೇಕಾಗಬಹುದು. ಸಂಜೆ ಐದರ ಹೊತ್ತಿಗೆ ಐಎಸ್ಒ 400ರಿಂದ 800. ನಾಯಿಯನ್ನು ಓಡುವ ಜಾಗದಲ್ಲೇ ನಿಲ್ಲಿಸಿ ಒಂದು ಫೋಟೊ ತೆಗೆದು, ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಇರುವ ಪರದೆಗೆ ಹೋಗಿ. ಮೈ ಮೇಲೆ ಮಿಣುಕುವ ಕಪ್ಪು ಕಂಡರೆ ಅಲ್ಲಿ ಕೂದಲಿನ ವಿವರ ಹೋಗಿದೆ ಅಂತ. ಮಿಣುಕೋದು ನಿಲ್ಲುವವರೆಗೆ ಇಳಿಸಿ, ಆಮೇಲೆ ಮೋಡ ಬರುವ ತನಕ ಮುಟ್ಟಬೇಡಿ.

ಹಟ್ಟಿಕಾವಲು ಬರೆದದ್ದು:

ಫೋಟೊಗಿಂತ ಮೊದಲು ನಾಯಿ ನೋಡಿಕೊಳ್ಳಿ, ದಯವಿಟ್ಟು. ಮುಧೋಳ ಕರೆದಾಗೆಲ್ಲ ಜೀವ ಬಿಟ್ಟು ಓಡುತ್ತೆ, ಸಾಕು ಅಂತ ಅದಾಗಿ ನಿಲ್ಲಿಸಲ್ಲ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ, ಒಂದು ಸಲಕ್ಕೆ ಐದಾರು ಓಟ, ಪ್ರತಿ ಓಟದ ನಡುವೆ ಉಸಿರು ಹದಕ್ಕೆ ಬರುವವರೆಗೆ ನೆರಳು. ನಾಲಿಗೆ ಅಗಲವಾಗಿ ಜೋತುಬಿದ್ದು ಒಸಡು ಕಡುಕೆಂಪಾದರೆ ಆ ದಿನಕ್ಕೆ ಮುಗಿಯಿತು. ಎದೆ ಆಳವಾಗಿರುವ ತಳಿ, ಉಂಡ ಮೇಲೆ ಓಡಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಅದು ಕೆಲವೇ ಗಂಟೆಯಲ್ಲಿ ಪ್ರಾಣಕ್ಕೆ ಬರುತ್ತೆ. ಊಟವಾಗಿ ಎರಡು ಗಂಟೆಯಾದರೂ ಬಿಡಿ.

ಜೋಳ ಕೊಯ್ದ ಹೊಲದಲ್ಲಿ ಓಡಿಸಲೇಬೇಡಿ, ಕೂಳೆ ಪಾದಕ್ಕೆ ಚುಚ್ಚುತ್ತೆ. ಹುಲ್ಲುನೆಲ ಅಥವಾ ಉತ್ತು ಹರಗಿದ ಮೆದು ನೆಲ ಸರಿ. ತಂತಿಬೇಲಿ ಇರುವ ಕಡೆ ಬೇಡ. ಇವು ಕಣ್ಣಿಂದ ಬೇಟೆಯಾಡುವ ನಾಯಿ, ಮೊಲವೊಂದು ಎದ್ದರೆ ಬೇಲಿ ಕಾಣಿಸಲ್ಲ.

ಗೋಧೂಳಿ ಬರೆದದ್ದು:

ಮೊಬೈಲ್ ಬಗ್ಗೆ ಯಾರೂ ಹೇಳಲಿಲ್ಲ. ವ್ಯರ್ಥವಲ್ಲ. ಒಳ್ಳೆ ಬಿಸಿಲಿನಲ್ಲಿ ಮುಖ್ಯ ಲೆನ್ಸ್‌ನಿಂದಲೇ (ಜೂಮ್ ಬೇಡ) ನಾಲ್ಕೈದು ಮೀಟರ್ ದೂರದಿಂದ 4ಕೆ, 60 ಫ್ರೇಮ್ ವಿಡಿಯೊ ಮಾಡಿ, ಬೇಕಾದ ಚಿತ್ರ ಆರಿಸಿಕೊಳ್ಳಿ. ಒಂದೊಂದೂ 8 ಮೆಗಾಪಿಕ್ಸೆಲ್, ಪೋಸ್ಟ್‌ಕಾರ್ಡ್ ಅಳತೆಗೆ ಧಾರಾಳ. ಎರಡು ಚಿತ್ರಗಳ ನಡುವೆ ನಾಯಿ 20 ಸೆಂ.ಮೀ.ಗಿಂತ ಕಡಿಮೆ ಸರಿಯೋದರಿಂದ ಚಾಚಿದ ಗಳಿಗೆ ತಪ್ಪೋದೇ ಇಲ್ಲ. ನೆರಳಲ್ಲಿ ಮಾತ್ರ ಮಾಡಬೇಡಿ, ಅಲ್ಲಿ ಮೊಬೈಲ್ ಶಟರ್ ನಿಧಾನ ಮಾಡಿಕೊಂಡು ಪ್ರತಿ ಚಿತ್ರವೂ ಎಳೆದ ಹಾಗೆ ಬರುತ್ತೆ. ಸೆಕೆಂಡಿಗೆ ಮೂರು ಫೋಟೊದ ಕ್ಯಾಮೆರಾ ಇರುವವರು ಮೊದಲು ಹೀಗೆ ವಿಡಿಯೊ ಮಾಡಿ ಒಂದೊಂದೇ ಚಿತ್ರ ಸರಿಸಿ ನೋಡಿದರೆ, ಹಿಂಗಾಲು ಒದ್ದ ಮೇಲೆ ಎಷ್ಟು ಹೊತ್ತಿಗೆ ಮೈ ಪೂರ್ತಿ ಚಾಚುತ್ತೆ ಅನ್ನೋದು ತಮ್ಮ ನಾಯಿಯ ಮಟ್ಟಿಗೆ ಸರಿಯಾಗಿ ಗೊತ್ತಾಗುತ್ತೆ.