ಉಪನಯನದ ಫೋಟೊ ಪುಟ: ನಾಲ್ಕನೇ ಫೋನಿಗೇ ಸುಸ್ತು ಯಾಕೆ?

ತೋಟದಮನೆ_ಶಿರಸಿ

ನಮ್ಮ ಮನೆ ಶಿರಸಿಯಿಂದ ಒಳಗೆ, ಮೊಬೈಲ್ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಹೋದ ವಾರ ಅಣ್ಣನ ಮಗನ ಉಪನಯನ ಇತ್ತು. ಎರಡು ದಿನ ಮೊದಲೇ ಮರ ಬಿದ್ದು ಫೈಬರ್ ತುಂಡಾಗಿತ್ತು, ಅಂದ್ರೆ ರೌಟರ್ ಇದೆ, ಇಂಟರ್ನೆಟ್ ಇಲ್ಲ. ಹಾಗಾಗಿ ಹಳೇ ಲ್ಯಾಪ್‌ಟಾಪಿನಲ್ಲಿ (ವಿಂಡೋಸ್ 7 ಹೋಮ್ ಪ್ರೀಮಿಯಂ) ಐಐಎಸ್ (ವಿಂಡೋಸ್ ಜೊತೆಗೇ ಬರುವ ವೆಬ್ ಸರ್ವರ್) ಆನ್ ಮಾಡಿ ಒಂದು ಪುಟ ಕಟ್ಟಿದೆ. ವೈಫೈಗೆ ಸೇರಿದವರು ಲ್ಯಾಪ್‌ಟಾಪಿನ ಐಪಿ ಹೊಡೆದರೆ ಬೆಳಗಿನ ಫೋಟೊಗಳೆಲ್ಲ ಕಾಣಬೇಕು, ಅಷ್ಟೇ ಲೆಕ್ಕ.

ನಾನು ನೋಡುವಾಗ ಚೆನ್ನಾಗಿಯೇ ಬಂತು. ಊಟ ಮುಗಿಸಿ ಜಗುಲಿಯಲ್ಲಿ ಕವಳ ಹಾಕುತ್ತ ಕೂತವರು ಒಬ್ಬೊಬ್ಬರಾಗಿ ತೆರೆದರು ನೋಡಿ, ಮೂರೋ ನಾಲ್ಕೋ ಫೋನು ಆಗುವಷ್ಟರಲ್ಲಿ ಎಲ್ಲರದ್ದೂ ಸುತ್ತುತ್ತ ನಿಂತಿತು. ಎರರ್ ಏನೂ ಇಲ್ಲ, ಸುಮ್ನೆ ಕಾಯುತ್ತದೆ. ಸೆಟ್ಟಿಂಗ್‌ನಲ್ಲಿ ಗರಿಷ್ಠ ಕನೆಕ್ಷನ್ 4294967295 ಅಂತಿದೆ, ನಮ್ಮ ನೆಂಟರು ಎಷ್ಟೇ ಇದ್ದರೂ ಅಷ್ಟಿಲ್ಲ! ರ‍್ಯಾಮ್ ಕಮ್ಮಿಯಾಯ್ತಾ? ಇನ್ನೊಂದು, ಫೈಬರ್ ಸರಿಯಾದ ಮೇಲೆ ಬೆಂಗಳೂರಿನ ಅಕ್ಕನೂ ಇದೇ ಪುಟ ನೋಡಬಹುದಾ?

ಕಾಳಿ_ಸೇತುವೆ (ಕಾರವಾರ)

ರ‍್ಯಾಮ್ ಅಲ್ಲ ತಮಾ. ಆ ದೊಡ್ಡ ಸಂಖ್ಯೆ ನಂಬಬೇಡ. ಹೋಮ್ ಆವೃತ್ತಿಯ ಐಐಎಸ್ ಒಂದೇ ಹೊತ್ತಿಗೆ 3 ರಿಕ್ವೆಸ್ಟ್ (ಬ್ರೌಸರ್ ಕೇಳುವ ಒಂದೊಂದು ಪುಟ ಅಥವಾ ಫೋಟೊ) ಮಾತ್ರ ನೋಡಿಕೊಳ್ಳುತ್ತದೆ. ವಿಂಡೋಸ್ ವಿಸ್ಟಾ ಮತ್ತು 7ರಲ್ಲಿ ಹೀಗೆ, ಪ್ರೊಫೆಷನಲ್ ಆಗಿದ್ದರೆ 10. ಇದನ್ನು ಯಾವ ಸೆಟ್ಟಿಂಗ್‌ನಿಂದಲೂ ಏರಿಸಲಾಗದು, ಮೈಕ್ರೋಸಾಫ್ಟ್ ಬೇಕಂತಲೇ ಕಟ್ಟಿಟ್ಟಿದ್ದು. ಸರ್ವರ್ ಬೇಕಾದವರು ಸರ್ವರ್ ವಿಂಡೋಸ್ ಕೊಳ್ಳಲಿ ಅಂತ.

ನಿಮ್ಮನೆ ಪಂಕ್ತಿಯನ್ನೇ ನೆನಪಿಸಿಕೋ. ಕೂತವರು ಐವತ್ತು ಜನ, ಬಡಿಸುವವರು ಮೂರೇ ಜನ. ಯಾರನ್ನೂ ಎಬ್ಬಿಸಿ ಕಳಿಸುವುದಿಲ್ಲ, ಆದರೆ ಸಾರು ಬರುವಷ್ಟರಲ್ಲಿ ಅನ್ನ ತಣ್ಣಗೆ. ಅದಕ್ಕೇ ನಿನಗೆ ಎರರ್ ಕಾಣಲಿಲ್ಲ. ಹಿಂದಿನ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಹೀಗಿರಲಿಲ್ಲ. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ 10 ಕನೆಕ್ಷನ್ ದಾಟಿದರೆ 403.9 (ಬಳಕೆದಾರರು ಜಾಸ್ತಿ) ಅನ್ನೋ ಎರರ್ ಅಂತ ಮುಖಕ್ಕೇ ಹೊಡೆಯುತ್ತಿತ್ತು. ಎಕ್ಸ್‌ಪಿ ಹೋಮ್‌ಗಂತೂ ಐಐಎಸ್ ಕೊಟ್ಟೇ ಇರಲಿಲ್ಲ.

ಮತ್ತೆ ಮೂರು ರಿಕ್ವೆಸ್ಟ್ ಅಂದರೆ ಮೂರು ಜನ ಅಲ್ಲ. ಒಂದು ಫೋನಿನ ಬ್ರೌಸರೇ ಒಂದು ಸರ್ವರಿಗೆ ಆರು ಕನೆಕ್ಷನ್ ತನಕ ತೆರೆಯುತ್ತದೆ. ಅಂದರೆ ನಿಮ್ಮ ದೊಡ್ಡಪ್ಪ ಒಬ್ಬರೇ ಪುಟ ತೆರೆದರೂ ಸಾಲು ಭರ್ತಿ. ಫೋಟೊ ಎಷ್ಟು ಎಂಬಿ?

ತೋಟದಮನೆ_ಶಿರಸಿ

ಕ್ಯಾಮೆರಾದಿಂದ ತೆಗೆದು ಹಾಗೇ ಹಾಕಿದ್ದು. ಒಂದೊಂದು 5 ಎಂಬಿ ಮೇಲೇ ಇದೆ, ಒಟ್ಟು 186.

ಕಾಳಿ_ಸೇತುವೆ (ಕಾರವಾರ)

ಅಯ್ಯೋ ಮಾರಾಯ! ಒಂದು ಫೋಟೊ ಪೂರ್ತಿ ಹೋಗುವ ತನಕ ಆ ಜಾಗ ಖಾಲಿಯಾಗುವುದಿಲ್ಲ. ಮೂಲೆಯಲ್ಲಿ ಕೂತವರ ವೈಫೈ ನಿಧಾನ ಇದ್ದರೆ ಅವರೇ ಉಳಿದವರನ್ನೂ ಕಾಯಿಸುತ್ತಾರೆ. ಅಗಲ 1200 ಪಿಕ್ಸೆಲ್‌ಗೆ ಇಳಿಸು, ಅರ್ಧ ರೋಗ ಅಲ್ಲೇ ವಾಸಿ. ಆಮೇಲೆ ಐಐಎಸ್ ಬಿಟ್ಟು ಅಪಾಚೆ (ಇನ್ನೊಂದು ವೆಬ್ ಸರ್ವರ್) ಹಾಕು. ಈ ಮಿತಿ ಐಐಎಸ್‌ಗೆ ಸೇರಿದ್ದು, ಅದೇ ವಿಂಡೋಸ್ ಮೇಲೆ ಅಪಾಚೆ ಓಡಿಸಿದರೆ 3ರ ಕಟ್ಟು ಇರುವುದಿಲ್ಲ. ಮೊದಲು ಐಐಎಸ್‌ನ ಸರ್ವಿಸ್ ನಿಲ್ಲಿಸು, ಇಲ್ಲದಿದ್ದರೆ 80ನೇ ಪೋರ್ಟ್ (ವೆಬ್ ಪುಟ ಕೇಳಿ ಬರುವವರ ಬಾಗಿಲು) ಅದರ ಕೈಯಲ್ಲೇ ಇರುತ್ತದೆ, ಅಪಾಚೆ ಏಳುವುದೇ ಇಲ್ಲ. ನಾನು ಇದಕ್ಕೇ ಒಂದು ಭಾನುವಾರ ಹಾಳು ಮಾಡಿಕೊಂಡಿದ್ದೆ.

ಕುಮಟಾ_ಪೇಟೆ

ಅಕ್ಕನ ವಿಷಯಕ್ಕೆ ಬರುತ್ತೇನೆ. ರೌಟರ್ ಒಳಗೆ ಹೋಗಿ ಹೊರಗಿನ ಐಪಿ ನೋಡಿ. 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿಂದ ಬಂದವರನ್ನು ರೌಟರ್ ಲ್ಯಾಪ್‌ಟಾಪಿಗೆ ಕಳಿಸುವಂತೆ ಮಾಡಿ) ಪ್ರಯೋಜನ ಇಲ್ಲ. ಇಂಟರ್ನೆಟ್ ಕಂಪನಿಯವರು ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಮನೆಗೆ ಹಂಚಿರುತ್ತಾರೆ, ಹೊರಗಿಂದ ಬಂದವರಿಗೆ ನಿಮ್ಮ ಬಾಗಿಲು ಸಿಗುವುದೇ ಇಲ್ಲ. ನಾನು ಇದನ್ನು ತಿಳಿಯದೆ ಎರಡು ದಿನ ಫೈರ್‌ವಾಲ್‌ಗೆ ಬೈದೆ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅಂತಲೇ ಹೇಳಿದರು.

ಐಪಿ ಸರಿಯಿದ್ದರೂ ವಿಂಡೋಸ್ 7 ಅನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. 2020ರ ಜನವರಿಗೇ ಅದರ ಸಪೋರ್ಟ್ ಮುಗಿದಿದೆ. ಅಕ್ಕನಿಗೆ ಬೇರೆ ಎಲ್ಲಾದರೂ ಅಪ್‌ಲೋಡ್ ಮಾಡಿ ಲಿಂಕ್ ಕಳಿಸಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ನಾನು ಹೇಳಬೇಕಾ?

ನನ್ನ ಕೇಳಿದರೆ ಆ ಲ್ಯಾಪ್‌ಟಾಪಿಗೆ ಡೆಬಿಯನ್ (ವಿಂಡೋಸ್ ಬದಲು ಹಾಕುವ ಲಿನಕ್ಸ್) ಹಾಕಿಬಿಡಿ. ಅಲ್ಲಿ ಹೋಮ್, ಪ್ರೊ ಅನ್ನೋ ಜಾತಿಭೇದ ಇಲ್ಲ.

ತೋಟದಮನೆ_ಶಿರಸಿ

ಡೆಬಿಯನ್ ಈಗ ಬೇಡ, ಅಪ್ಪನ ಅಡಿಕೆ ಲೆಕ್ಕದ ಸಾಫ್ಟ್‌ವೇರ್ ಅದರಲ್ಲೇ ಇದೆ, ರಾಶಿ, ಚಾಲಿ ದರ ಎಲ್ಲ ಅಲ್ಲೇ ಬರೆದಿಟ್ಟಿದ್ದಾರೆ, ಮುಟ್ಟಿದರೆ ಮನೆಯಿಂದ ಹೊರಗೆ.

ಫೋಟೊ ಸಣ್ಣ ಮಾಡಿ ಅಪಾಚೆ ಹಾಕಿದೆ. ಮೊದಲು ಯಾರ ಫೋನಿನಲ್ಲೂ ತೆರೆಯಲೇ ಇಲ್ಲ. ಆಮೇಲೆ ನೋಡಿದರೆ ನಮ್ಮ ವೈಫೈಯನ್ನು ವಿಂಡೋಸ್ ‘ಪಬ್ಲಿಕ್’ ಅಂತ ಗುರುತು ಮಾಡಿಕೊಂಡಿತ್ತು, ಫೈರ್‌ವಾಲ್ ತಡೆಯುತ್ತಿತ್ತು. ‘ಹೋಮ್’ ಅಂತ ಬದಲಾಯಿಸಿದೆ, ಬಂತು. ನಿನ್ನೆ ರಾತ್ರಿ ಮನೆಯ ಒಂಬತ್ತು ಫೋನಿನಲ್ಲೂ ಒಟ್ಟಿಗೇ ತೆರೆದೆವು, ಎಲ್ಲೂ ನಿಲ್ಲಲಿಲ್ಲ. ಈಗ ಅಜ್ಜಿಯ ತಕರಾರು ಬೇರೆ, 186 ಫೋಟೊದಲ್ಲಿ ಅವರದ್ದು ಎರಡೇ ಅಂತೆ.