ಸ್ಕೂಲ್ ಆರ್ಚರಿಗೆ ಮಕ್ಕಳು ಜಾಸ್ತಿ ಆಗ್ತಿದಾರೆ, ಹೆಂಗೆ ಸಂಭಾಳಿಸೋದು?

ಪ್ರಶ್ನೆ: ಮೊದ್ಲು ಸ್ವಲ್ಪ ಮಕ್ಕಳಷ್ಟೇ ಬರ್ತಿದ್ರು, ಈಗ ನಾಲ್ಕನೇ ಕ್ಲಾಸಿನವ್ರೂ ನಾವೂ ಬರ್ತೀವಿ ಅಂತಿದಾರೆ, ಇರೋ ಬಿಲ್ಲು ಸಾಲಲ್ಲ, ಒಬ್ಬೊಬ್ಬರ ಸೈಜಿಗೂ ಬೇರೆ ಬೇರೆ ತಗೋಬೇಕಾ? ಸೇಫ್ಟಿದೂ ಭಯ ಇದೆ.

ಉತ್ತರ 1: ಅಯ್ಯೋ ಬೇಡ ಸಾರ್. ಅಮೆರಿಕದ ಕೆಂಟಕಿಯಲ್ಲಿ 2002ರಲ್ಲಿ ಶುರುವಾದ ಶಾಲಾ ಆರ್ಚರಿ ಪ್ರೋಗ್ರಾಂ ಅಷ್ಟು ಬೆಳೆದಿದ್ದಕ್ಕೆ ಒಂದು ಕಾರಣ ಎಲ್ರಿಗೂ ಒಂದೇ ಥರದ ಬಿಲ್ಲು ಕೊಟ್ಟಿದ್ದು. ಜೆನೆಸಿಸ್ ಅಂತ, ಎಳೆಯೋಕೆ ಬೇಕಾದ ಬಲ 10ರಿಂದ 20 ಪೌಂಡ್ ತನಕ ಅಡ್ಜಸ್ಟ್ ಆಗತ್ತೆ, ಡ್ರಾ ಲೆಂತ್ (ದಾರ ಎಷ್ಟು ಹಿಂದಕ್ಕೆ ಎಳೀಬೇಕು ಅನ್ನೋ ಅಳತೆ) ಸೆಟ್ ಮಾಡೋ ತಲೆನೋವೇ ಇಲ್ಲ, ಚಿಕ್ಕ ಹುಡುಗಿ ಹೊಡೆದು ಇಟ್ಟಿದ್ದನ್ನೇ ಹೈಸ್ಕೂಲ್ ಹುಡುಗ ಎತ್ಕೊಂಡು ಹೊಡೀಬಹುದು. ಬ್ಯಾಚ್ ಮಾಡಿ ಸಾಕು.

ಉತ್ತರ 2: ಎಡಗೈ ಬಿಲ್ಲು ಒಂದೆರಡು ಇರ್ಲಿ, ಮರೀಬೇಡಿ. ಬಲಗೈಯವ್ರಲ್ಲೂ ಗುರಿ ನೋಡೋಕೆ ಎಡಗಣ್ಣು ಜೋರಿರೋರು ಇರ್ತಾರೆ, ಅವ್ರಿಗೂ ಎಡಗೈ ಬಿಲ್ಲೇ ಸರಿ, ಮೊದಲ ದಿನಾನೇ ಚೆಕ್ ಮಾಡ್ಬಿಡಿ.

ಉತ್ತರ 3: ಸೇಫ್ಟಿಗೆ ಸೀಟಿ ಸಾರ್, ಬಾಯಲ್ಲಿ ಕೂಗಿದ್ರೆ ಯಾರೂ ಕೇಳಲ್ಲ 😄 ಆ ಪ್ರೋಗ್ರಾಮಲ್ಲಿ ಎರಡು ಸೀಟಿ ಅಂದ್ರೆ ಬಿಲ್ಲು ತಗೊಂಡು ಲೈನಿಗೆ ಬರೋದು, ಒಂದಕ್ಕೆ ಹೊಡಿಯೋದು, ಮೂರಕ್ಕೆ ಬಾಣ ತರೋಕೆ ಹೋಗೋದು, ಐದು ಅಥವಾ ಜಾಸ್ತಿ ಊದಿದ್ರೆ ಎಮರ್ಜೆನ್ಸಿ, ಎಲ್ಲಾ ನಿಲ್ಸಿ ಬಾಣ ವಾಪಸ್ ಇಡ್ಬೇಕು. ಹೊಸಬರಿಗೆ 10 ಮೀಟರ್ ಸಾಕು, 15 ಆಮೇಲೆ ನೋಡ್ಕೊಳ್ಳಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್, ಸೋಮವಾರ ಮೊದ್ಲು ಸೀಟಿ ತರ್ತೀನಿ.