ಕೂಸಿಗೆ ನರ ಸಿಗದಾಗ ಎಲುಬಿನಾಗ ಸೂಜಿ: ಪ್ರಶ್ನೋತ್ತರ

ಪ್ರಶ್ನೆ (ಸ್ಟಾಫ್ ನರ್ಸ್, ಹಾನಗಲ್ ಕಡೆ): ಸರ್, ಎಂಟು ತಿಂಗಳ ಕೂಸು, 6 ಕೆಜಿ, ವಾಂತಿ-ಭೇದಿಯಾಗಿ ಶಾಕ್‌ನಾಗ (ರಕ್ತದ ಓಟ ತೀರಾ ಕುಸಿದು) ಬಂದು ಒಂದೂ ನರ ಸಿಗಲಿಲ್ಲಂದ್ರ, ಹಂಗ ಹುಬ್ಬಳ್ಳಿಗೆ ಕಳಿಸಬೇಕೋ, ಐಓ (ಎಲುಬಿನ ಮಜ್ಜೆಯೊಳಗ ಸಲೈನ್ ಕೊಡೋ ಸೂಜಿ) ಹಾಕಬೇಕೋ? ನಮ್ಮಲ್ಲಿ ಆ ಸೂಜಿ ಕೂರಿಸೋ ಡ್ರಿಲ್ ಇಲ್ಲರಿ.

ಉತ್ತರ (ಮಕ್ಕಳ ತಜ್ಞರು, ಹುಬ್ಬಳ್ಳಿ): ಡ್ಯೂಟಿ ಡಾಕ್ಟರ್ ಹಾಕಿಯೇ ಕಳಿಸಲಿ ಸಿಸ್ಟರ್. ದಾರಿ ತಾಸಿಗಿಂತ ಹೆಚ್ಚಿನದು, ಆ ಕೂಸು ಅಷ್ಟು ಹೊತ್ತು ತಡೆಯೋದಿಲ್ಲ. ಎರಡು ಸಲ ಚುಚ್ಚಿದ್ರೂ ನರ ಸಿಗಲಿಲ್ಲ, ಇಲ್ಲಾ 90 ಸೆಕೆಂಡ್ ಆಯ್ತು ಅಂದ್ರ ಹುಡುಕೋದು ಬಿಡ್ರಿ. ಹೃದಯ ನಿಂತಿದ್ರ ಅಷ್ಟೂ ಕಾಯಬ್ಯಾಡ್ರಿ.

ಸ್ಟೈಲೆಟ್ (ಸೂಜಿಯ ತೂತು ಮುಚ್ಚೋ ಒಳಗಿನ ಕಡ್ಡಿ) ಇರೋ 18 ಗೇಜ್ ಬೋನ್ ಮ್ಯಾರೋ ಸೂಜಿ ಸಾಕು. ಸಾದಾ ಇಂಜೆಕ್ಷನ್ ಸೂಜಿ ಬ್ಯಾಡ, ಎಲುಬಿನ ಚೂರು ತುಂಬಿ ಕಟ್ಟಿಕೊಳ್ತದ. ಮೊಣಕಾಲ ಕೆಳಗ ಕೈಗೆ ಹತ್ತೋ ಉಬ್ಬಿನಿಂದ 1 ಸೆಂ.ಮೀ. ಕೆಳಗ, ಒಳಬದಿಯ ಚಪ್ಪಟೆ ಜಾಗ ಹಿಡೀರಿ. ಅದೇ ಎಲುಬು ಮುರಿದಿದ್ರ, ಚರ್ಮ ಕೀವಾಗಿದ್ರ ಇನ್ನೊಂದು ಕಾಲು. ನಿಮ್ಮ ಅಂಗೈ ಕಾಲಿನ ಕೆಳಗ ಇಡಬ್ಯಾಡ್ರಿ, ಸೂಜಿ ಪಾರಾಗಿ ನಿಮಗ ಚುಚ್ಚೀತು. ಮಡಚಿದ ಟವೆಲ್ ಇಡ್ರಿ.

ತುದಿಯಿಂದ 1 ಸೆಂ.ಮೀ.ಗೆ ತೋರುಬೆರಳು ಒತ್ತಿ ಹಿಡಿದ್ರ ಸೂಜಿ ಆಳಕ್ಕ ಹೋಗೋದಿಲ್ಲ. ನೆಟ್ಟಗ, ತುದಿ ತುಸು ಪಾದದ ಕಡೆ, ಎಲುಬು ಬೆಳೆಯೋ ಪದರಿಗೆ ಚುಚ್ಚೋದು ತಪ್ಪಲಿ ಅಂತ. ಒತ್ತುತ್ತ ಅತ್ತಿತ್ತ ತಿರುವ್ರಿ, ಅಲ್ಲಾಡಿಸಬ್ಯಾಡ್ರಿ: ತೂತು ದೊಡ್ಡದಾದ್ರ ಸಲೈನ್ ಹೊರಗ ಸೋರ್ತದ. ತಡೆ ಒಮ್ಮೆಲೆ ಸಡಿಲಾತು ಅಂದ್ರ ನಿಲ್ಲಿಸ್ರಿ. ಸರಿ ಕುಂತ ಸೂಜಿ ಕೈಬಿಟ್ಟರೂ ತಾನೇ ನಿಲ್ತದ.

ಪ್ರಶ್ನೆ: ಸ್ಟೈಲೆಟ್ ತೆಗೆದು ಸಿರಿಂಜಿನಿಂದ ಎಳೆದಾಗ ಮಜ್ಜೆ ಬರಲಿಲ್ಲಂದ್ರ? ಡ್ರಿಪ್ ಓಡಲಿಲ್ಲಂದ್ರ?

ಉತ್ತರ: ಮಜ್ಜೆ ಬಂದ್ರ ಶುಗರ್ ನೋಡ್ರಿ. ಬರದಿದ್ರೂ ಸೂಜಿ ತಪ್ಪೇ ಅಂತಲ್ಲ. 5 ಮಿ.ಲೀ. ಸಲೈನ್ ತಳ್ರಿ, ಮೀನಖಂಡ ಉಬ್ಬದಿದ್ರ ಮುಂದುವರೀರಿ. ಡ್ರಿಪ್ ತಾನಾಗಿ ಓಡೋದು ಕಡಿಮೆ, ಅಲ್ಲಿಯೇ ಬಹಳ ಮಂದಿ ಸೂಜಿ ಕಿತ್ತು ಬಿಡ್ತಾರ. ತ್ರೀ-ವೇ (ಮೂರು ದಾರಿಯ ತಿರುಪು) ಹಾಕಿ 50 ಸಿಸಿ ಸಿರಿಂಜಿನಿಂದ ಕೈಯಾರೆ ತಳ್ಳಬೇಕು. ಕೆಜಿಗೆ 20 ಮಿ.ಲೀ. ಅಂದ್ರ ಈ ಕೂಸಿಗೆ 120 ಮಿ.ಲೀ. ನಾರ್ಮಲ್ ಸಲೈನ್ ಅಥವಾ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್). ಪ್ರತಿ 60 ಮಿ.ಲೀ.ಗೊಮ್ಮೆ ನಾಡಿ, ಉಸಿರು, ಲಿವರ್ ದೊಡ್ಡದಾಯ್ತೇನು ನೋಡ್ರಿ. ತೀರಾ ಅಪೌಷ್ಟಿಕ ಕೂಸಾದ್ರ ಇಷ್ಟು ವೇಗ ಬ್ಯಾಡ. ಔಷಧಿ ಕೊಟ್ಟ ಮ್ಯಾಲೆ ಪ್ರತಿ ಸಲ 5 ಮಿ.ಲೀ. ಸಲೈನ್ ತಳ್ಳಿ ಫ್ಲಶ್ ಮಾಡ್ರಿ.

ಪ್ರತಿ ಸಲ ತಳ್ಳುವಾಗ ಮೀನಖಂಡದ ಮ್ಯಾಲೆ ಕೈಯಿಟ್ಟು ನೋಡ್ರಿ. ಗಟ್ಟಿಯಾತು, ಊದಿತು ಅಂದ್ರ ತಕ್ಷಣ ತೆಗೀರಿ, ಇಲ್ಲಂದ್ರ ಒತ್ತಡಕ್ಕ ಕಾಲೇ ಕಳಕೋಬಹುದು. ಅದೇ ಎಲುಬಿಗೆ ಮತ್ತ ಚುಚ್ಚಬ್ಯಾಡ್ರಿ, ಹಳೇ ತೂತಿನಿಂದ ಸೋರ್ತದ.

ಪ್ರಶ್ನೆ: ಎಷ್ಟು ಹೊತ್ತು ಇಡಬಹುದ್ರಿ?

ಉತ್ತರ: ನರ ಸಿಕ್ಕ ಕೂಡಲೇ ತೆಗೀಬೇಕು, 24 ತಾಸು ದಾಟಬಾರದು. ರೆಫರಲ್ ಚೀಟಿಯಲ್ಲಿ ಯಾವ ಕಾಲು, ಎಷ್ಟು ಗಂಟೆಗೆ ಹಾಕಿದ್ರಿ, ಎಷ್ಟು ಮಿ.ಲೀ. ಹೋತು ಬರೀರಿ.